ಹಳಿಯಿಂದ ಎಷ್ಟು ದೂರ? ಮುಂಬಯಿ ಉಪನಗರಗಳಲ್ಲಿ ಮೊಬೈಲಿನ ಸ್ಥಾನನಿರ್ಣಯ ಮತ್ತು ನಿರ್ದೇಶ ಸಂಕೇತಗಳು

1. ಪ್ರವೇಶ

ಕೈಯಲ್ಲಿರುವ ಮೊಬೈಲ್ ದೂರವಾಣಿಯು ತಾನು ಭೂಮಿಯ ಮೇಲೆ ಎಲ್ಲಿದೆಯೆಂಬುದನ್ನು ಹೇಳಬಲ್ಲದೆಂಬುದು ಇಂದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಅದು ಹೇಳುವ ಸ್ಥಾನವು ಪ್ರತ್ಯಕ್ಷವಲ್ಲ. ಹಲವು ಸಾಕ್ಷ್ಯಗಳನ್ನು ತೂಗಿ ನೋಡಿ ಮಾಡಿದ, ತರ್ಕಶಾಸ್ತ್ರದ ಅರ್ಥದಲ್ಲಿ, ಒಂದು ಅನುಮಾನ. ಪ್ರತಿಯೊಂದು ಅನುಮಾನಕ್ಕೂ ಅದರದೇ ಆದ ದೋಷಮಿತಿ ಇದ್ದೇ ಇರುತ್ತದೆ. ಆ ಮಿತಿಗಿಂತಲೂ ಸೂಕ್ಷ್ಮವಾದ ಗೆರೆಯೊಂದನ್ನು ಎಳೆದು, ಗೆರೆಯ ಆಚೆಗಿರುವವನಿಗೆ ಸೌಲಭ್ಯವನ್ನೂ ಈಚೆಗಿರುವವನಿಗೆ ನಿರಾಕರಣೆಯನ್ನೂ ವಿಧಿಸಿದರೆ, ಆ ದೋಷದ ಹೊರೆಯನ್ನು ಯಾರು ಹೊರಬೇಕಾಗುತ್ತದೆ? ಈ ಪ್ರಶ್ನೆಯನ್ನು ಮುಂಬಯಿಯ ಉಪನಗರ ರೈಲುಗಳ ಟಿಕೆಟು ವ್ಯವಸ್ಥೆಯ ಒಂದು ಪ್ರಕರಣವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸ್ಥಾನನಿರ್ಣಯದ ನಿಖರತೆಯನ್ನು ಹೆಚ್ಚಿಸಲು ನಿಸ್ತಂತು ಜಾಲಗಳು ಬಿತ್ತರಿಸುವ ವಿಶಿಷ್ಟ ಸಂಕೇತಗಳು ಹೇಗೆ ಕೆಲಸಮಾಡುತ್ತವೆ, ಎಲ್ಲಿಯವರೆಗೆ ನೆರವಾಗುತ್ತವೆ, ಎಲ್ಲಿ ನಿಲ್ಲುತ್ತವೆ ಎಂಬುದನ್ನು ಆ ಮೂಲಕ ವಿವರಿಸಲಾಗುವುದು.

ಕನ್ನಡ ಪೀಠದ ಸಂಶೋಧನ ಪತ್ರಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಕರ್ನಾಟಕದ ಹೊರಗೆ ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲೆಸಿರುವ ನಗರಗಳಲ್ಲಿ ಮುಂಬಯಿಗೆ ಅಗ್ರಸ್ಥಾನವಿದೆ. ಮಾಟುಂಗಾ, ಡೊಂಬಿವಲಿ, ಅಂಧೇರಿ, ಮಲಾಡುಗಳ ಕನ್ನಡಿಗರ ಬದುಕು ಲೋಕಲ್ ಗಾಡಿಯೊಡನೆ ಹೆಣೆದುಕೊಂಡದ್ದು. ಇದು ಒಂದು ಕಾರಣ. ಪ್ರಾಚೀನ ಪಾಠಗಳನ್ನು ಪರಿಷ್ಕರಿಸುವ ನಮ್ಮ ಶಾಸ್ತ್ರಕ್ಕೂ ಈ ಸ್ಥಾನನಿರ್ಣಯ ಶಾಸ್ತ್ರಕ್ಕೂ ವಿಧಾನದಲ್ಲಿ ಸಾಮ್ಯವಿರುವುದು ಮತ್ತೊಂದು ಕಾರಣ. ಆ ಸಾಮ್ಯವು ಕೇವಲ ಅಲಂಕಾರವಲ್ಲವೆಂಬುದು ಮುಂದೆ ವ್ಯಕ್ತವಾಗುವುದು.

2. ಪ್ರಕರಣದ ಸ್ವರೂಪ

ಮುಂಬಯಿಯ ಉಪನಗರ ರೈಲುಗಳಲ್ಲಿ ದಿನವೊಂದಕ್ಕೆ ಅರವತ್ತು ಲಕ್ಷಕ್ಕೂ ಹೆಚ್ಚು ಜನ ಪ್ರಯಾಣಿಸುತ್ತಾರೆ. ಟಿಕೆಟು ಕಿಟಕಿಗಳ ಮುಂದಿನ ಸಾಲನ್ನು ಕಡಿಮೆ ಮಾಡುವ ಸಲುವಾಗಿ ರೈಲ್ವೆಯು ‘ಯುಟಿಎಸ್’ ಎಂಬ ಮೊಬೈಲ್ ಆ್ಯಪನ್ನು 2014ರ ಕೊನೆಯಲ್ಲಿ ಇಲ್ಲಿ ಬಳಕೆಗೆ ತಂದಿತು. ಮೊದಲಿಗೆ ಮೊಬೈಲಿನಲ್ಲಿ ಹಣ ಕಟ್ಟಿ, ನಿಲ್ದಾಣದ ಯಂತ್ರದಲ್ಲಿ ಟಿಕೆಟನ್ನು ಮುದ್ರಿಸಿಕೊಳ್ಳಬೇಕಾಗಿತ್ತು. 2015ರಲ್ಲಿ ಕಾಗದವಿಲ್ಲದ ಟಿಕೆಟು ಬಂದಿತು. ಮೊಬೈಲಿನ ತೆರೆಯೇ ಟಿಕೆಟಾಯಿತು.

ಕಾಗದ ಹೋದೊಡನೆ ಹೊಸದೊಂದು ತೊಡಕು ಎದುರಾಯಿತು. ಟಿಕೆಟಿಲ್ಲದೆ ಗಾಡಿ ಹತ್ತಿ, ಟಿ.ಸಿ. ಕಣ್ಣಿಗೆ ಬಿದ್ದ ಕ್ಷಣದಲ್ಲಿ ಮಾತ್ರ ಮೊಬೈಲಿನಲ್ಲಿ ಟಿಕೆಟು ತೆಗೆಯುವವನನ್ನು ತಡೆಯುವುದೆಂತು? ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಭೂಗೋಳದ ಬೇಲಿ. ಹಳಿಯಿಂದ ನಿಯತವಾದ ಕೆಲವು ಮೀಟರುಗಳ ಒಳಗಿರುವ ಮೊಬೈಲಿಗೆ ಕಾಗದರಹಿತ ಟಿಕೆಟು ಕೊಡಬಾರದು. ನಿಲ್ದಾಣದಿಂದ ತೀರ ದೂರವಿರುವ ಮೊಬೈಲಿಗೂ ಕೊಡಬಾರದು. ಹೊರಬೇಲಿಯು ಉಪನಗರ ವಿಭಾಗದಲ್ಲಿ ಎರಡು ಕಿಲೋಮೀಟರಿನಷ್ಟಿದ್ದುದನ್ನು 2022ರಲ್ಲಿ ಐದು ಕಿಲೋಮೀಟರಿಗೆ ವಿಸ್ತರಿಸಿ, 2024ರಲ್ಲಿ ತೆಗೆದುಹಾಕಲಾಯಿತು. ಒಳಬೇಲಿಯ ತರ್ಕ ಬೇರೆಯಾದುದರಿಂದ ಅದು ಆಗಲೂ ಉಳಿಯಿತು. 2025ರ ಜುಲೈನಲ್ಲಿ ‘ರೈಲ್‌ಒನ್’ ಎಂಬ ಹೊಸ ಆ್ಯಪ್ ಬಂದು ಕಾಯ್ದಿರಿಸದ ಟಿಕೆಟಿನ ಸೇವೆಯೂ ಅದರೊಳಗೆ ಸೇರಿತು.

ನಮ್ಮ ಗಮನವಿರುವುದು ಒಳಬೇಲಿಯ ಮೇಲೆ. ಕಿಲೋಮೀಟರುಗಳ ಲೆಕ್ಕದ ಹೊರಬೇಲಿಗೆ ಹತ್ತಿಪ್ಪತ್ತು ಮೀಟರಿನ ದೋಷ ನಗಣ್ಯ. ಮೀಟರುಗಳ ಲೆಕ್ಕದ ಒಳಬೇಲಿಗೆ ಅದೇ ದೋಷ ನಿರ್ಣಾಯಕ. ಮುಂಬಯಿಯಲ್ಲಿ ಹಳಿಗೂ ಊರಿಗೂ ನಡುವೆ ಬಯಲಿಲ್ಲ. ಚಾಳುಗಳು, ಅಂಗಡಿಸಾಲುಗಳು, ಕಾಲುಸೇತುವೆಗಳು, ಆಕಾಶಪಥಗಳು ಹಳಿಗೆ ಮೈತಾಗಿಸಿಕೊಂಡೇ ನಿಂತಿವೆ. ಹಳಿಯ ಪಕ್ಕದ ರಸ್ತೆಯಲ್ಲಿ, ನಿಯಮಕ್ಕೆ ಅನುಗುಣವಾದ ದೂರದಲ್ಲಿಯೇ ನಿಂತು ಪ್ರಾಮಾಣಿಕವಾಗಿ ಟಿಕೆಟು ತೆಗೆಯಹೊರಟವನ ಮೊಬೈಲು ತಾನು ಹಳಿಯ ಮೇಲಿದ್ದೇನೆಂದು ತಪ್ಪಾಗಿ ಸಾಕ್ಷಿ ನುಡಿದರೆ ಅವನಿಗೆ ಟಿಕೆಟು ದೊರೆಯದು. ಇಂಥ ದೂರುಗಳು ಪ್ರಯಾಣಿಕರಿಂದ ಪದೇ ಪದೇ ಕೇಳಿಬಂದವು. ಲೋಕಲ್ ಗಾಡಿಯ ಎರಡನೆಯ ದರ್ಜೆಯ ಅತ್ಯಲ್ಪ ದರ ಐದು ರೂಪಾಯಿ. ಟಿಕೆಟಿಲ್ಲದೆ ಸಿಕ್ಕಿಬಿದ್ದವನು ಕಟ್ಟಬೇಕಾದದ್ದು ನೂರಾರು ರೂಪಾಯಿ. ಗಾಡಿ ಹೊರಡುವ ಹೊತ್ತಿಗೆ ಕಿಟಕಿಯ ಸಾಲಿಗೆ ಓಡುವುದೋ, ದಂಡಕ್ಕೆ ಒಡ್ಡಿಕೊಳ್ಳುವುದೋ ಎಂಬ ಆಯ್ಕೆ ಅವನ ಪಾಲಿನದು. ಮೊಬೈಲಿನ ಮೀಟರುಗಳ ದೋಷಕ್ಕೆ ಇಲ್ಲಿ ದಿನಗೂಲಿಯವನ ಲೆಕ್ಕದಲ್ಲಿ ಬೆಲೆಯಿದೆ.

3. ಉಪಗ್ರಹದ ಸಾಕ್ಷ್ಯ, ನಗರದ ಪ್ರತಿಧ್ವನಿ

ಮೊಬೈಲು ಸ್ಥಾನವನ್ನು ತಿಳಿಯಲು ಮೊದಲು ಮೊರೆಹೋಗುವುದು ಉಪಗ್ರಹಗಳಿಗೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಿಂದ ಕಾಲಸೂಚಕ ಸಂಕೇತಗಳನ್ನು ಬಿತ್ತರಿಸುತ್ತವೆ. ಸಂಕೇತವು ಹೊರಟ ಕಾಲ ಮತ್ತು ತಲಪಿದ ಕಾಲಗಳ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ಮೊಬೈಲಿನ ಗಡಿಯಾರವು ಉಪಗ್ರಹದ ಗಡಿಯಾರದಷ್ಟು ಕರಾರುವಾಕ್ಕಲ್ಲವಾದುದರಿಂದ ಆ ಗಡಿಯಾರದ ತಪ್ಪನ್ನೂ ಒಂದು ಅಜ್ಞಾತವೆಂದು ಪರಿಗಣಿಸಿ, ಒಟ್ಟು ನಾಲ್ಕು ಅಜ್ಞಾತಗಳಿಗೆ ಕನಿಷ್ಠ ನಾಲ್ಕು ಉಪಗ್ರಹಗಳ ಸಾಕ್ಷ್ಯ ಬೇಕು. ಇಲ್ಲಿ ಒಂದು ಅಳತೆಯನ್ನು ನೆನಪಿನಲ್ಲಿಡುವುದು ಉಪಯುಕ್ತ: ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ, ಸುಮಾರು 30 ಸೆಂಟಿಮೀಟರು ಸಾಗುತ್ತದೆ. ಕಾಲದಲ್ಲಿ ಐವತ್ತು ನ್ಯಾನೊಸೆಕೆಂಡು ತಪ್ಪಿದರೆ ದೂರದಲ್ಲಿ ಹದಿನೈದು ಮೀಟರು ತಪ್ಪುತ್ತದೆ.

ತೆರೆದ ಆಕಾಶದ ಕೆಳಗೆ ಸಾಮಾನ್ಯ ಮೊಬೈಲಿನ ಜಿಪಿಎಸ್ ಸುಮಾರು ಐದು ಮೀಟರುಗಳಷ್ಟು ನಿಖರವಾಗಿರುತ್ತದೆ. ಆದರೆ ಗಿರ್‌ಗಾಂವಿನ ಇಕ್ಕಟ್ಟಾದ ಗಲ್ಲಿಗಳಲ್ಲಾಗಲಿ, ಲೋವರ್ ಪರೇಲಿನ ಗಗನಚುಂಬಿಗಳ ನಡುವೆಯಾಗಲಿ ಆಕಾಶವು ಒಂದು ಸೀಳಿನಷ್ಟು ಮಾತ್ರ ಕಾಣುತ್ತದೆ. ನೇರವಾಗಿ ಬರಬೇಕಾದ ಸಂಕೇತವು ಗೋಡೆಗೆ ಮರೆಯಾಗಿ, ಎದುರು ಗೋಡೆಗೆ ಬಡಿದು ಪ್ರತಿಫಲಿಸಿದ ಸಂಕೇತವು ಮೊಬೈಲನ್ನು ಸೇರುತ್ತದೆ. ಸುತ್ತಿ ಬಂದುದರಿಂದ ಅದಕ್ಕೆ ಹೆಚ್ಚು ಕಾಲ ಹಿಡಿದಿರುತ್ತದೆ; ಮೊಬೈಲು ಆ ಹೆಚ್ಚಿನ ಕಾಲವನ್ನು ಹೆಚ್ಚಿನ ದೂರವೆಂದೇ ಓದುತ್ತದೆ. ನಗರದಲ್ಲಿ ದೋಷವು ಹಲವು ಹತ್ತು ಮೀಟರುಗಳಿಗೆ ಏರುವುದು ಹೀಗೆ.

ಉಪಗ್ರಹಸಾಕ್ಷ್ಯವನ್ನು ತಿದ್ದುವ ವ್ಯವಸ್ಥೆಗಳು ಇಲ್ಲವೆಂದಲ್ಲ. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಗಳು ವಿಮಾನಯಾನಕ್ಕಾಗಿ ರೂಪಿಸಿದ ‘ಗಗನ್’ ವ್ಯವಸ್ಥೆಯು ಇದಕ್ಕೆ ಉತ್ತಮ ನಿದರ್ಶನ. ದೇಶದ ಹಲವೆಡೆ, ಸ್ಥಾನವು ಮೊದಲೇ ಖಚಿತವಾಗಿ ತಿಳಿದಿರುವ ನೆಲೆಗಳಲ್ಲಿ ಗ್ರಾಹಕಗಳನ್ನಿಟ್ಟು, ಉಪಗ್ರಹ ಹೇಳುವ ಸ್ಥಾನಕ್ಕೂ ನಿಜವಾದ ಸ್ಥಾನಕ್ಕೂ ಇರುವ ವ್ಯತ್ಯಾಸವನ್ನು ಅಳೆದು, ಬೆಂಗಳೂರಿನ ಕುಂದಲಹಳ್ಳಿಯ ಕೇಂದ್ರದಲ್ಲಿ ಲೆಕ್ಕಹಾಕಿ, ತಿದ್ದುಪಡಿಯನ್ನು ಉಪಗ್ರಹದ ಮೂಲಕ ಮರಳಿ ಬಿತ್ತರಿಸಲಾಗುತ್ತದೆ. ಆದರೆ ಈ ಕ್ರಮದಿಂದ ತಿದ್ದಬಹುದಾದದ್ದು ವಿಶಾಲ ಪ್ರದೇಶಕ್ಕೆಲ್ಲ ಸಮಾನವಾದ ದೋಷಗಳನ್ನು ಮಾತ್ರ: ಉಪಗ್ರಹದ ಗಡಿಯಾರದ ತಪ್ಪು, ವಾತಾವರಣದ ಮೇಲ್ಪದರಗಳಲ್ಲಿನ ವಿಳಂಬ ಇತ್ಯಾದಿ. ಎದುರು ಮನೆಯ ಗೋಡೆ ಹುಟ್ಟಿಸಿದ ದೋಷ ಆ ಗಲ್ಲಿಗೆ ಮಾತ್ರ ಸೇರಿದ್ದು. ಅದನ್ನು ದೂರದ ಯಾವ ನೆಲೆಯೂ ತಿದ್ದಲಾರದು.

ನಗರವು ತನ್ನ ಅಳತೆಗಳನ್ನು ತಾನೇ ಕೆಡಿಸುವುದು ಮುಂಬಯಿಗೆ ಹೊಸತಲ್ಲ. ಈಸ್ಟ್ ಇಂಡಿಯಾ ಕಂಪನಿಯು 1826ರಲ್ಲಿ ಸ್ಥಾಪಿಸಿದ ಕೊಲಾಬಾ ವೀಕ್ಷಣಾಲಯದಲ್ಲಿ ಭೂಕಾಂತತೆಯನ್ನು ದಶಕಗಳ ಕಾಲ ಅಳೆಯಲಾಗುತ್ತಿತ್ತು. ನಗರದ ಟ್ರಾಮುಗಳಿಗೆ ವಿದ್ಯುತ್ತು ಬರುವುದೆಂದು ಖಚಿತವಾದಾಗ ಆ ಸೂಕ್ಷ್ಮ ಅಳತೆಗಳು ಕೆಡುವುದೂ ಖಚಿತವಾಯಿತು. ನಾನಾಭಾಯ್ ಮೂಸರ ನೇತೃತ್ವದಲ್ಲಿ ಕಡಲಾಚೆಯ ಅಲಿಬಾಗಿನಲ್ಲಿ 1904ರಲ್ಲಿ ಹೊಸ ವೀಕ್ಷಣಾಲಯ ಆರಂಭವಾಯಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಹಳೆಯದನ್ನು ಕೂಡಲೇ ಮುಚ್ಚದೆ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳತೆ ಮಾಡಿ, ಒಂದರ ಅಂಕಿಗಳನ್ನು ಇನ್ನೊಂದರೊಡನೆ ತಾಳೆನೋಡಲಾಯಿತು. ಒಂದು ಆಧಾರವನ್ನು ಮತ್ತೊಂದರಿಂದ ಪರೀಕ್ಷಿಸದೆ ನಂಬಲಾಗದೆಂಬ ತತ್ತ್ವ ಅದರ ಹಿಂದಿತ್ತು. ಅಂದಿನವರು ನಗರವನ್ನು ಬಿಟ್ಟು ಹೋಗಬಹುದಾಗಿತ್ತು. ಲೋಕಲ್ ಗಾಡಿಯ ಪ್ರಯಾಣಿಕನಿಗೆ ಆ ಅವಕಾಶವಿಲ್ಲ. ಅವನಿಗೆ ಬೇಕಾದ ಎರಡನೆಯ ಸಾಕ್ಷ್ಯ ನಗರದ ಒಳಗಿನಿಂದಲೇ ಬರಬೇಕು. ಮೊಬೈಲ್ ಟವರುಗಳ ಸಂಕೇತಗಳಿಗೆ ಮಹತ್ತ್ವ ಬರುವುದು ಈ ಹಂತದಲ್ಲಿ.

4. ನಿರ್ದೇಶ ಸಂಕೇತವೆಂದರೇನು?

ಟವರು ಬಿತ್ತರಿಸುವ ಸಂಕೇತಗಳಲ್ಲಿ ಎರಡು ಬಗೆ. ಒಂದು, ಮಾತು, ಚಿತ್ರ, ಬರೆಹಗಳನ್ನು ಹೊತ್ತು ತರುವಂಥದು. ಅದರಲ್ಲಿ ಏನಿದೆಯೆಂಬುದು ಮೊಬೈಲಿಗೆ ಮೊದಲೇ ತಿಳಿದಿರುವುದಿಲ್ಲ. ಇನ್ನೊಂದು, ಯಾವ ಸುದ್ದಿಯನ್ನೂ ಹೊರದೆ, ಕಳುಹಿಸುವವನಿಗೂ ಪಡೆಯುವವನಿಗೂ ಮೊದಲೇ ಗೊತ್ತಿರುವ ಕ್ರಮದಲ್ಲಿ ಬರುವಂಥದು. ಈ ಎರಡನೆಯದನ್ನು ನಾವು ‘ನಿರ್ದೇಶ ಸಂಕೇತ’ವೆಂದು ಕರೆದಿದ್ದೇವೆ. ‘ಆಧಾರ ಸಂಕೇತ’ವೆನ್ನಬಹುದಾಗಿತ್ತು, ಆದರೆ ಆ ಪದ ಈಗ ಗುರುತಿನ ಚೀಟಿಯೊಂದರ ನೆನಪನ್ನೇ ತರುತ್ತದೆ. ಕನ್ನಡದ ಗಣಿತ ಪಠ್ಯಗಳಲ್ಲಿ ‘ನಿರ್ದೇಶಾಂಕ’ವೆಂಬ ಪದವು ಬಿಂದುವಿನ ಸ್ಥಾನವನ್ನು ಸೂಚಿಸುವ ಅಂಕಿಗಳಿಗೆ ರೂಢವಾಗಿರುವುದರಿಂದ, ಆ ಅಂಕಿಗಳನ್ನು ಪಡೆಯಲು ನೆರವಾಗುವ ಸಂಕೇತಕ್ಕೆ ‘ನಿರ್ದೇಶ ಸಂಕೇತ’ ಸಹಜವಾಗಿ ಹೊಂದುತ್ತದೆ.

ಸುದ್ದಿಯನ್ನೇ ಹೊರದ ಸಂಕೇತದಿಂದ ಏನು ಪ್ರಯೋಜನ? ಉತ್ತರವು ಛಂದಸ್ಸಿನ ಪರಿಚಯವಿರುವವರಿಗೆ ಸುಲಭವಾಗಿ ಹೊಳೆಯುವಂಥದು. ತಾಳೆಗರಿಯಲ್ಲಾಗಲಿ ಶಾಸನದಲ್ಲಾಗಲಿ ಪದ್ಯವನ್ನು ಸಾಲು ಒಡೆದು ಬರೆದಿರುವುದಿಲ್ಲ. ಗದ್ಯದ ನಡುವೆ ಪದ್ಯ ಎಲ್ಲಿ ಆರಂಭವಾಯಿತೆಂದು ಗುರುತಿಸಬೇಕಾಗುತ್ತದೆ. ಅದು ಕಂದಪದ್ಯವೆಂದು ಊಹಿಸಿದರೆ, ಅದರ ಚೌಕಟ್ಟು ನಮಗೆ ಮೊದಲೇ ಗೊತ್ತು: ಒಂದು ಮತ್ತು ಮೂರನೆಯ ಪಾದಗಳಲ್ಲಿ 12 ಮಾತ್ರೆ, ಎರಡು ಮತ್ತು ನಾಲ್ಕನೆಯ ಪಾದಗಳಲ್ಲಿ 20 ಮಾತ್ರೆ, ಒಟ್ಟು 64, ವಿಷಮಸ್ಥಾನಗಳಲ್ಲಿ ಜಗಣ ಬರಕೂಡದು, ಪ್ರತಿ ಅರ್ಧದ ಆರನೆಯ ಗಣ ಜಗಣವೋ ಸರ್ವಲಘುವೋ ಆಗಿರಬೇಕು, ಆದಿಪ್ರಾಸ ಕೂಡಬೇಕು. ಈ ಚೌಕಟ್ಟನ್ನು ಅಕ್ಷರಪಂಕ್ತಿಯ ಮೇಲೆ ಒಂದೊಂದೇ ಅಕ್ಷರ ಸರಿಸುತ್ತ ಹೋದರೆ, ಒಂದು ಸ್ಥಾನದಲ್ಲಿ ಮಾತ್ರ ಎಲ್ಲ ನಿಯಮಗಳೂ ಒಮ್ಮೆಗೇ ಹೊಂದುತ್ತವೆ. ನಡುವೆ ಹತ್ತಾರು ಅಕ್ಷರ ಸವೆದಿದ್ದರೂ ಪದ್ಯದ ಆರಂಭಸ್ಥಾನ ಸಿಕ್ಕುತ್ತದೆ.

ಮೊಬೈಲು ಮಾಡುವುದೂ ಇದನ್ನೇ. ಗದ್ದಲದಲ್ಲಿ ಮುಳುಗಿಹೋದ, ಕಿವಿಗೆ ಏನೂ ಅಲ್ಲದಷ್ಟು ಕ್ಷೀಣವಾದ ತರಂಗಪ್ರವಾಹದ ಮೇಲೆ ತನಗೆ ಗೊತ್ತಿರುವ ಕ್ರಮವನ್ನು ಕಾಲದಲ್ಲಿ ಹಿಂದೆ ಮುಂದೆ ಸರಿಸಿ ನೋಡುತ್ತದೆ. ಒಂದು ಕ್ಷಣದಲ್ಲಿ ಹೊಂದಿಕೆ ಥಟ್ಟನೆ ಏರುತ್ತದೆ. ಆ ಕ್ಷಣವೇ ಸಂಕೇತ ತಲಪಿದ ಕಾಲ. ಸಂಕೇತದ ಅರ್ಥವಲ್ಲ, ಅದು ಬಂದ ಹೊತ್ತೇ ಇಲ್ಲಿನ ಸಾಕ್ಷ್ಯ.

ಸ್ಥಾನನಿರ್ಣಯಕ್ಕೆಂದೇ ಮೀಸಲಾದ ನಿರ್ದೇಶ ಸಂಕೇತಗಳು ನಾಲ್ಕನೆಯ ತಲೆಮಾರಿನ ಎಲ್‌ಟಿಇ ಜಾಲದ ಮಾನಕಗಳಲ್ಲಿ 2009ರಲ್ಲಿ, ಐದನೆಯ ತಲೆಮಾರಿನ ಮಾನಕಗಳಲ್ಲಿ 2020ರಲ್ಲಿ ಸೇರ್ಪಡೆಯಾದವು. ಇವುಗಳ ರಚನೆಯಲ್ಲಿ ಮುಖ್ಯ ಸಮಸ್ಯೆ ದೂರದ ಟವರಿನದು. ಮೊಬೈಲಿಗೆ ಹತ್ತಿರದ ಟವರಿನ ದನಿ ದೂರದ ಟವರುಗಳ ದನಿಯನ್ನು ಅಡಗಿಸಿಬಿಡುತ್ತದೆ. ಮಾತುಕತೆಗೆ ಒಂದು ಟವರು ಸಾಕು. ಸ್ಥಾನನಿರ್ಣಯಕ್ಕೆ ಹಲವು ಬೇಕು. ಆದುದರಿಂದ ನೆರೆಹೊರೆಯ ಟವರುಗಳು ಬೇರೆಬೇರೆ ಆವರ್ತನಗಳ ಎಳೆಗಳಲ್ಲಿ, ಬಾಚಣಿಗೆಯ ಹಲ್ಲುಗಳು ಒಂದರ ಸಂದಿನಲ್ಲಿ ಇನ್ನೊಂದು ಕೂಡುವಂತೆ, ತಮ್ಮ ಸಂಕೇತಗಳನ್ನು ಹಂಚಿಕೊಳ್ಳುತ್ತವೆ. ಎಲ್‌ಟಿಇಯಲ್ಲಿ ಹೀಗೆ ಆರು ಪಾಲುಗಳುಂಟು. ಇದಲ್ಲದೆ, ಹತ್ತಿರದ ಟವರು ಸರದಿಯಂತೆ ಕೆಲವು ಗಳಿಗೆ ಮೌನ ತಾಳುತ್ತದೆ. ಆಗ ದೂರದ ಟವರು ಕೇಳಿಸುತ್ತದೆ. ನಿಖರತೆಯನ್ನು ಸಾಧಿಸುವ ಮೊದಲ ಉಪಾಯ ದನಿಯೇರಿಸುವುದಲ್ಲ, ಸರದಿ ಕಾಯುವುದು.

5. ಕಾಲದಿಂದ ದೂರಕ್ಕೆ, ದೂರದಿಂದ ಸ್ಥಾನಕ್ಕೆ

ಸಂಕೇತಗಳು ತಲಪಿದ ಕಾಲದಿಂದ ಸ್ಥಾನವನ್ನು ಪಡೆಯುವ ಮುಖ್ಯ ಕ್ರಮಗಳು ಎರಡು. ಮೊದಲನೆಯದು ಅಂತರದ ಕ್ರಮ. ಎರಡು ಟವರುಗಳ ಸಂಕೇತಗಳು ತಲಪಿದ ಕಾಲಗಳ ವ್ಯತ್ಯಾಸವನ್ನು ಮಾತ್ರ ತೆಗೆದುಕೊಂಡರೆ ಮೊಬೈಲಿನ ಗಡಿಯಾರದ ತಪ್ಪು ವಜಾ ಆಗುತ್ತದೆ. ಒಂದು ವ್ಯತ್ಯಾಸವು ನಕ್ಷೆಯ ಮೇಲೆ ಒಂದು ಅತಿಪರವಲಯ ರೇಖೆಯನ್ನು ಕೊಡುತ್ತದೆ. ಮೂರು ಟವರುಗಳಿಂದ ಎರಡು ರೇಖೆಗಳು ದೊರೆತು, ಅವು ಛೇದಿಸುವ ಬಿಂದುವೇ ಸ್ಥಾನವಾಗುತ್ತದೆ. ಆದರೆ ಇದಕ್ಕೆ ಟವರುಗಳ ಗಡಿಯಾರಗಳು ಪರಸ್ಪರ ಹೊಂದಿರಬೇಕು. ಒಂದೇ ಆವರ್ತನದಲ್ಲಿ ಕಳುಹಿಸುವುದನ್ನೂ ಪಡೆಯುವುದನ್ನೂ ಸರದಿಯಂತೆ ಮಾಡುವ ಇಂದಿನ ಜಾಲಗಳಿಗೆ ಟವರುಗಳ ನಡುವೆ ಮೂರು ಮೈಕ್ರೊಸೆಕೆಂಡುಗಳೊಳಗಿನ ಹೊಂದಾಣಿಕೆ ಸಾಕು. ಮಾತುಕತೆಗೆ ಇದು ಸಾಕಾದರೂ ದೂರಕ್ಕೆ ಪರಿವರ್ತಿಸಿದರೆ ಮೂರು ಮೈಕ್ರೊಸೆಕೆಂಡು ಎಂದರೆ 900 ಮೀಟರು! ಆದುದರಿಂದ ಈ ಕ್ರಮದಿಂದ ಸ್ಥಾನವನ್ನು ನಿರ್ಣಯಿಸಬೇಕಾದರೆ ಗಡಿಯಾರಗಳನ್ನು ನೂರಾರು ಪಟ್ಟು ಬಿಗಿಗೊಳಿಸಬೇಕು.

ಎರಡನೆಯದು ಹೋಗಿಬರುವ ಕ್ರಮ. ಟವರು ಕಳುಹಿಸಿದ ಸಂಕೇತಕ್ಕೆ ಮೊಬೈಲು ತನ್ನದೊಂದು ನಿರ್ದೇಶ ಸಂಕೇತದಿಂದ ಉತ್ತರ ಕೊಡುತ್ತದೆ. ಇಬ್ಬರೂ ತಂತಮ್ಮ ಗಡಿಯಾರಗಳಲ್ಲಿ ಕಳುಹಿಸಿದ ಮತ್ತು ಪಡೆದ ಕ್ಷಣಗಳ ಅಂತರವನ್ನು ಅಳೆಯುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದು ಅರ್ಧಿಸಿದರೆ ಒಮ್ಮುಖ ಪಯಣದ ಕಾಲ ಸಿಗುತ್ತದೆ. ಟವರುಗಳ ಗಡಿಯಾರಗಳು ಪರಸ್ಪರ ಹೊಂದದಿದ್ದರೂ ಇಲ್ಲಿ ಬಾಧಕವಿಲ್ಲ. ಹಲವು ಟವರುಗಳೊಡನೆ ಹೀಗೆ ಅಳೆಯುವ ಕ್ರಮವು ಐದನೆಯ ತಲೆಮಾರಿನ ಮಾನಕಗಳಲ್ಲಿ 2020ರಲ್ಲಿ ಸೇರಿತು.

ಈ ಎರಡು ಕ್ರಮಗಳ ಭೇದವು ಮುಂಬಯಿಯ ಭೂಗೋಳದಲ್ಲಿ ಪ್ರಾಯೋಗಿಕ ಮಹತ್ತ್ವವನ್ನು ಪಡೆಯುತ್ತದೆ. ಚರ್ಚ್‌ಗೇಟಿನಿಂದ ಮರೀನ್ ಲೈನ್ಸ್, ಚರ್ನಿ ರೋಡುಗಳವರೆಗೆ ಪಶ್ಚಿಮ ರೈಲ್ವೆಯ ಹಳಿಗಳು ಕಡಲ ದಂಡೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುತ್ತವೆ. ಪಡುವಣಕ್ಕೆ ಬಹುಮಟ್ಟಿಗೆ ನೀರು. ಟವರುಗಳು ಬಹುಪಾಲು ಮೂಡಣದ ಕಡೆಗೇ. ಹೀಗೆ ಸಾಕ್ಷಿಗಳು ಬಹುಪಾಲು ಒಂದೇ ದಿಕ್ಕಿನಲ್ಲಿರುವಾಗ ಅಂತರದ ಕ್ರಮವು ಉತ್ತರ-ದಕ್ಷಿಣದ ಸ್ಥಾನವನ್ನು ಚೆನ್ನಾಗಿ ಹೇಳಿದರೂ ಪೂರ್ವ-ಪಶ್ಚಿಮದ ಸ್ಥಾನದಲ್ಲಿ ದುರ್ಬಲವಾಗುತ್ತದೆ. ಏಕೆಂದರೆ ಮೊಬೈಲು ಕಡಲಕಡೆಗೆ ಕೆಲವು ಹೆಜ್ಜೆ ಸರಿದಾಗ ಎಲ್ಲ ಟವರುಗಳಿಂದಲೂ ದೂರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿ, ವ್ಯತ್ಯಾಸದಲ್ಲಿ ಆ ಏರಿಕೆ ಬಹುಪಾಲು ಕಳೆದುಹೋಗುತ್ತದೆ. ಟಿಕೆಟಿನ ಒಳಬೇಲಿ ಕೇಳುವ ಪ್ರಶ್ನೆಯಾದರೋ ಪೂರ್ವ-ಪಶ್ಚಿಮದ್ದೇ: ಹಳಿಗೆ ಅಡ್ಡಲಾಗಿ ಎಷ್ಟು ದೂರ? ಹೋಗಿಬರುವ ಕ್ರಮದಲ್ಲಿ ದೂರವೇ ನೇರವಾಗಿ ಸಿಗುವುದರಿಂದ ಈ ದೌರ್ಬಲ್ಯ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಕ್ರಮದ ಆಯ್ಕೆಯು ಊರಿನ ಆಕಾರವನ್ನು ಅವಲಂಬಿಸಿದೆಯೆಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಇನ್ನುಳಿದದ್ದು ಪ್ರತಿಫಲನದ ಸಮಸ್ಯೆ. ನೇರವಾಗಿ ಬಂದ ಸಂಕೇತವನ್ನೂ ಗೋಡೆಗೆ ಬಡಿದು ಬಂದುದನ್ನೂ ಬೇರ್ಪಡಿಸಿ ನೋಡುವ ಸಾಮರ್ಥ್ಯವು ಸಂಕೇತವು ಆವರಿಸುವ ಆವರ್ತನಗಳ ಪಟ್ಟಿಯ ಅಗಲವನ್ನು ಅವಲಂಬಿಸುತ್ತದೆ. 20 ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿ ಸ್ಥೂಲವಾಗಿ 50 ನ್ಯಾನೊಸೆಕೆಂಡಿಗಿಂತ, ಅಂದರೆ 15 ಮೀಟರಿಗಿಂತ, ಕಡಿಮೆ ವ್ಯತ್ಯಾಸದ ಎರಡು ದಾರಿಗಳು ಒಂದಾಗಿಯೇ ಕಾಣುತ್ತವೆ. 100 ಮೆಗಾಹರ್ಟ್ಸ್ ಅಗಲದಲ್ಲಿ ಈ ಮಿತಿಯು ಮೂರು ಮೀಟರಿಗೆ ಇಳಿಯುತ್ತದೆ. ಭಾರತದಲ್ಲಿ 2022ರ ಹರಾಜಿನಲ್ಲಿ ಎರಡು ಪ್ರಮುಖ ಸಂಸ್ಥೆಗಳು 3300 ಮೆಗಾಹರ್ಟ್ಸ್ ಪಟ್ಟಿಯಲ್ಲಿ 100 ಮೆಗಾಹರ್ಟ್ಸ್ ಅಗಲವನ್ನು ಪಡೆದವು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಐದನೆಯ ತಲೆಮಾರಿನ ಸೇವೆ ಆರಂಭವಾಯಿತು. ಗಿರ್‌ಗಾಂವಿನ ಗಲ್ಲಿಯ ಅಗಲವು ಕೆಲವೇ ಮೀಟರುಗಳದಾದುದರಿಂದ ಹದಿನೈದಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಇಲ್ಲಿ ಪುಸ್ತಕದ ಲೆಕ್ಕವಲ್ಲ.

ಬೇರ್ಪಡಿಸಿದ ಮೇಲೂ ವಿವೇಚನೆ ಬೇಕು. ಪ್ರತಿಫಲಿತ ಸಂಕೇತವು ನೇರ ಸಂಕೇತಕ್ಕಿಂತ ಬಲವಾಗಿರಬಹುದು, ಸಂಖ್ಯೆಯಲ್ಲಿಯೂ ಹೆಚ್ಚಿರಬಹುದು. ಆದರೆ ನೇರ ದಾರಿಯೇ ಅತಿ ಹ್ರಸ್ವವಾದುದರಿಂದ ಮೊದಲು ಬಂದುದಕ್ಕೇ ಪ್ರಾಶಸ್ತ್ಯ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಅಭ್ಯಾಸ ಮಾಡಿದವರಿಗೆ ಇದು ಪರಿಚಿತವಾದ ಮಾರ್ಗ. ಒಂದೇ ತಪ್ಪು ಪ್ರತಿಯಿಂದ ಹತ್ತು ಪ್ರತಿಗಳು ಹುಟ್ಟಿದ್ದರೆ ಆ ಹತ್ತೂ ಸೇರಿ ಒಂದೇ ಸಾಕ್ಷಿ. ಬಹುಮತದಿಂದ ಪಾಠ ಶುದ್ಧವಾಗದು. ಒಂದೇ ಗೋಡೆಯಿಂದ ಬಂದ ಹಲವು ಪ್ರತಿಧ್ವನಿಗಳಿಗೂ ಈ ಮಾತೇ ಅನ್ವಯಿಸುತ್ತದೆ. ನೇರ ದಾರಿಯೇ ಸಂಪೂರ್ಣವಾಗಿ ಮುಚ್ಚಿಹೋಗಿದ್ದಲ್ಲಿ, ಮೂಲಪ್ರತಿ ನಷ್ಟವಾದ ಗ್ರಂಥದಂತೆ, ಉಳಿದ ಸಾಕ್ಷ್ಯಗಳ ವಿಶ್ವಾಸಾರ್ಹತೆಯನ್ನು ಕುಗ್ಗಿಸಿ ಓದುವುದೊಂದೇ ದಾರಿ.

6. ಕಾಲವಿಲ್ಲದ ಗುರುತು

ರೈಲ್ವೆಯು ಒಳಬೇಲಿಯ ತೊಡಕಿಗೆ ತಾನೇ ಒಂದು ಪರಿಹಾರವನ್ನು ಕಂಡುಕೊಂಡಿತ್ತು. ನಿಲ್ದಾಣಗಳಲ್ಲಿ ಅಂಟಿಸಿದ ಕ್ಯೂಆರ್ ಕೋಡನ್ನು ಮೊಬೈಲಿನ ಕ್ಯಾಮರಾಕ್ಕೆ ತೋರಿಸಿದರೆ ಬೇಲಿಯ ನಿರ್ಬಂಧವಿಲ್ಲದೆ ಟಿಕೆಟು ದೊರೆಯುತ್ತಿತ್ತು. ಇದೂ ಒಂದು ಬಗೆಯ ನಿರ್ದೇಶ ಸಂಕೇತವೇ: ಈ ಗುರುತನ್ನು ಕಂಡವನು ಈ ನಿಲ್ದಾಣದಲ್ಲಿದ್ದಾನೆ ಎಂಬುದು ಅದರ ತರ್ಕ. ಆದರೆ ಆ ಗುರುತಿನ ಚಿತ್ರ ತೆಗೆದು ಹಂಚಿಕೊಂಡವರು ಓಡುವ ಗಾಡಿಯಲ್ಲಿ ಕುಳಿತೇ ಟಿಕೆಟು ತೆಗೆಯತೊಡಗಿದರು. ಗುರುತು ತನ್ನ ನೆಲೆಯಿಂದ ಕಳಚಿಕೊಂಡಿತು. ಮುದ್ರಿತ ಗುರುತಿಗೆ ಕಾಲವಿಲ್ಲ. ನಕಲು ಮಾಡಿದರೂ ಅದು ಬದಲಾಗದು. ರೇಡಿಯೊ ನಿರ್ದೇಶ ಸಂಕೇತದ ಕ್ರಮವನ್ನೂ ಯಾರಾದರೂ ತಿಳಿಯಬಹುದು, ಅದರಲ್ಲಿ ಗುಟ್ಟೇನೂ ಇಲ್ಲ. ಆದರೆ ಅದು ಒಂದು ನಿರ್ದಿಷ್ಟ ನೆಲೆಗೆ ತಲಪಿದ ಗಳಿಗೆಯನ್ನು ಚಿತ್ರದಂತೆ ಜೇಬಿನಲ್ಲಿಟ್ಟು ಒಯ್ಯಲಾಗದು.

ಸುರಂಗಗಳಲ್ಲಿ ಈ ಬಗೆಯ ಸಾಕ್ಷ್ಯ ಇನ್ನೂ ಅಗತ್ಯ. 2025ರ ಅಕ್ಟೋಬರಿನಲ್ಲಿ ಆರೆಯಿಂದ ಕಫ್ ಪರೇಡಿನವರೆಗೆ ಪೂರ್ಣವಾಗಿ ತೆರೆದ ಮೂರನೆಯ ಮೆಟ್ರೊ ಮಾರ್ಗದ 27 ನಿಲ್ದಾಣಗಳಲ್ಲಿ 26 ನೆಲದಡಿಯಲ್ಲಿವೆ. ಅಲ್ಲಿಗೆ ಉಪಗ್ರಹದ ಸಂಕೇತ ತಲಪದು. ಒಳಾಂಗಣದ ಚಿಕ್ಕ ಆಂಟೆನಾಗಳು ಮತ್ತು ವೈಫೈ ಕೇಂದ್ರಗಳೇ ಅಲ್ಲಿ ಸಾಕ್ಷಿಗಳಾಗಬೇಕು. ವೈಫೈಯಲ್ಲಿಯೂ ಹೋಗಿಬರುವ ಕಾಲವನ್ನು ಅಳೆಯುವ ಕ್ರಮವು 2016ರ ಮಾನಕದಲ್ಲಿ ಸೇರಿದ್ದು, 2018ರಿಂದ ಆಂಡ್ರಾಯ್ಡ್ ಮೊಬೈಲುಗಳು ಅದಕ್ಕೆ ಅವಕಾಶ ಕೊಟ್ಟಿವೆ. ಅನುಕೂಲ ಸಂದರ್ಭಗಳಲ್ಲಿ ಅದು ಒಂದೆರಡು ಮೀಟರುಗಳ ನಿಖರತೆಯನ್ನು ನೀಡುತ್ತದೆ.

7. ಬಿಂದುವೂ ವೃತ್ತವೂ

ನಿರ್ದೇಶ ಸಂಕೇತಗಳಿಂದ ಎಷ್ಟು ನಿಖರತೆಯನ್ನು ನಿರೀಕ್ಷಿಸಬಹುದು? 2020ರ ಮಾನಕಗಳು ಸಾಮಾನ್ಯ ಬಳಕೆಗೆ ಇಟ್ಟುಕೊಂಡ ಗುರಿಯೆಂದರೆ, ನೂರರಲ್ಲಿ ಎಂಬತ್ತು ಬಳಕೆದಾರರಿಗೆ ಹೊರಾಂಗಣದಲ್ಲಿ ಹತ್ತು ಮೀಟರು, ಒಳಾಂಗಣದಲ್ಲಿ ಮೂರು ಮೀಟರು. 2022ರ ಪರಿಷ್ಕರಣದಲ್ಲಿ ಒಂದು ಮೀಟರಿಗಿಂತ ಕಡಿಮೆಯ ಗುರಿ ಬಂದಿತು. 2024ರ ಪರಿಷ್ಕರಣದಲ್ಲಿ ತರಂಗದ ಹಂತವನ್ನೇ ಅಳೆಯುವ, ಇನ್ನೂ ಸೂಕ್ಷ್ಮವಾದ ಕ್ರಮ ಸೇರಿತು. ಇವೆಲ್ಲ ಗುರಿಗಳು, ಮಾನಕದಲ್ಲಿ ಬರೆದದ್ದು ಬೀದಿಯಲ್ಲಿ ತಾನಾಗಿ ಸಿದ್ಧಿಸುವುದಿಲ್ಲ. ಸಂಸ್ಥೆಗಳು ಈ ಸಂಕೇತಗಳನ್ನು ಬಿತ್ತರಿಸಬೇಕು, ಪ್ರತಿ ಆಂಟೆನಾದ ಸ್ಥಾನವನ್ನು ಕರಾರುವಾಕ್ಕಾಗಿ ಅಳೆದಿಟ್ಟಿರಬೇಕು, ಮೊಬೈಲು ಅವನ್ನು ಗ್ರಹಿಸುವಂತಿರಬೇಕು. ಆಂಟೆನಾದ ದಾಖಲಾದ ಸ್ಥಾನವೇ ಇಪ್ಪತ್ತು ಮೀಟರು ತಪ್ಪಿದ್ದರೆ ನ್ಯಾನೊಸೆಕೆಂಡಿನ ಸೂಕ್ಷ್ಮತೆಯೆಲ್ಲ ವ್ಯರ್ಥ.

ಗುರಿಗಳ ಭಾಷೆಯಲ್ಲಿಯೇ ಒಂದು ಪಾಠವಿದೆ. ‘ಹತ್ತು ಮೀಟರು’ ಎಂದು ಬರಿದೆ ಹೇಳದೆ ‘ನೂರರಲ್ಲಿ ಎಂಬತ್ತು ಮಂದಿಗೆ’ ಎಂಬ ವಿಶೇಷಣವನ್ನು ಸೇರಿಸಲಾಗಿದೆ. ಉಳಿದ ಇಪ್ಪತ್ತು ಮಂದಿಯ ದೋಷ ಇನ್ನೂ ಹೆಚ್ಚಿರಬಹುದು. ಆಂಡ್ರಾಯ್ಡ್ ಮೊಬೈಲು ಆ್ಯಪಿಗೆ ಸ್ಥಾನವನ್ನು ಒಪ್ಪಿಸುವಾಗಲೂ ಬರಿಯ ಬಿಂದುವನ್ನು ಕೊಡುವುದಿಲ್ಲ. ಜೊತೆಗೊಂದು ವೃತ್ತದ ತ್ರಿಜ್ಯವನ್ನೂ ಕೊಡುತ್ತದೆ. ನಿಜವಾದ ಸ್ಥಾನವು ಆ ವೃತ್ತದೊಳಗಿರುವ ಸಂಭವ ನೂರಕ್ಕೆ 68. ಅಂದರೆ ಮೂರು ಸಲಕ್ಕೊಮ್ಮೆಯಂತೆ ಅದು ವೃತ್ತದ ಹೊರಗಿರಬಹುದೆಂದು ಮೊಬೈಲೇ ಒಪ್ಪಿಕೊಳ್ಳುತ್ತಿದೆ. ಬೇಲಿಯು ಹಳಿಯಿಂದ ಹದಿನೈದು ಮೀಟರಿನಲ್ಲಿದ್ದು, ವೃತ್ತದ ತ್ರಿಜ್ಯ ಇಪ್ಪತ್ತು ಮೀಟರಿದ್ದರೆ, ಗೆರೆಯ ಬಳಿ ನಿಂತ ಪ್ರಯಾಣಿಕನ ವಿಷಯದಲ್ಲಿ ಆ ಸಾಕ್ಷ್ಯವು ಯಾವ ತೀರ್ಪನ್ನೂ ಸಮರ್ಥಿಸದು. ವೃತ್ತವನ್ನು ಕಡೆಗಣಿಸಿ ಬಿಂದುವನ್ನಷ್ಟೇ ಓದುವ ನಿಯಮವು, ಪಾಠಾಂತರಗಳನ್ನೆಲ್ಲ ಅಳಿಸಿ ಒಂದೇ ಪಾಠವನ್ನು ಮುದ್ರಿಸಿದ ಗ್ರಂಥದಂತೆ, ತನಗಿಲ್ಲದ ಖಚಿತತೆಯನ್ನು ಆರೋಪಿಸಿಕೊಳ್ಳುತ್ತದೆ.

ತುರ್ತು ಕರೆಗಳ ವಿಷಯದಲ್ಲಿ ಇದೇ ಪ್ರಶ್ನೆ ಪ್ರಾಣದ ಪ್ರಶ್ನೆಯಾಗುತ್ತದೆ. ಭಾರತದಲ್ಲಿ ಮಾರಾಟವಾಗುವ ಮೊಬೈಲುಗಳಲ್ಲಿ ಉಪಗ್ರಹ ಸ್ಥಾನನಿರ್ಣಯ ಸೌಲಭ್ಯವು 2018ರ ಜನವರಿ 1ರಿಂದ ಇರತಕ್ಕದ್ದೆಂದು 2016ರ ನಿಯಮಗಳು ವಿಧಿಸಿದವು. ಅಮೆರಿಕದ ನಿಯಮಗಳು ಇನ್ನೂ ಮುಂದೆ ಹೋಗಿ, ತುರ್ತು ಕರೆಗಳಲ್ಲಿ ನೂರಕ್ಕೆ ಎಂಬತ್ತರಷ್ಟಕ್ಕೆ 50 ಮೀಟರುಗಳೊಳಗಿನ ಸ್ಥಾನವನ್ನೂ, ಎತ್ತರದಲ್ಲಿ ಮೂರು ಮೀಟರುಗಳೊಳಗಿನ ನಿಖರತೆಯನ್ನೂ ಅಪೇಕ್ಷಿಸಿವೆ. ಮೂರು ಮೀಟರೆಂದರೆ ಒಂದು ಮಹಡಿ. ನಲವತ್ತು ಮಹಡಿಗಳ ಕಟ್ಟಡದಲ್ಲಿ ನಕ್ಷೆಯ ಮೇಲಿನ ಬಿಂದು ಸರಿಯಿದ್ದರೂ ಮಹಡಿ ತಿಳಿಯದಿದ್ದರೆ ನೆರವಿಗೆ ಬಂದವರು ಬಾಗಿಲಿನಿಂದ ಬಾಗಿಲಿಗೆ ಅಲೆಯಬೇಕಾಗುತ್ತದೆ. ಇಷ್ಟು ಸೂಕ್ಷ್ಮವಾಗಿ ಜನರ ನೆಲೆಯನ್ನು ತಿಳಿಯಬಲ್ಲ ವ್ಯವಸ್ಥೆಯು ಅವರ ಮೇಲೆ ಕಣ್ಣಿಡುವುದಕ್ಕೂ ಒದಗಬಲ್ಲದೆಂಬುದನ್ನು ಮರೆಯಲಾಗದು. ನಿಖರತೆ ಹೆಚ್ಚಿದಷ್ಟೂ ಅದನ್ನು ಯಾರು, ಯಾವಾಗ, ಯಾವ ಕಾರಣಕ್ಕೆ ಕೇಳಬಹುದೆಂಬ ಕಟ್ಟಳೆ ಬಿಗಿಯಾಗಬೇಕು.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ನಗರದಲ್ಲಿ ಉಪಗ್ರಹದ ಸಾಕ್ಷ್ಯವೊಂದೇ ಮೀಟರುಗಳ ಲೆಕ್ಕದ ನಿಯಮಗಳಿಗೆ ಸಾಲದು; ನೆಲದ ಮೇಲಿನ ನಿರ್ದೇಶ ಸಂಕೇತಗಳು ಬೇರೆ ದಿಕ್ಕಿನಿಂದ ಬರುವ, ಬೇರೆ ದೋಷಗಳಿಗೆ ಒಳಪಟ್ಟ ಸಾಕ್ಷಿಗಳಾದುದರಿಂದ ಅವುಗಳ ಕೂಡಿಕೆಗೆ ಬೆಲೆಯಿದೆ. ಎರಡನೆಯದಾಗಿ, ಆ ಸಂಕೇತಗಳ ಫಲವು ಊರಿನ ಆಕಾರ, ಪಟ್ಟಿಯ ಅಗಲ, ಗಡಿಯಾರಗಳ ಹೊಂದಾಣಿಕೆ, ಆಂಟೆನಾಗಳ ದಾಖಲೆ ಇವುಗಳನ್ನು ಅವಲಂಬಿಸಿದೆ. ಬೇರೊಂದು ನಗರದ ಅಂಕಿಗಳನ್ನು ಮುಂಬಯಿಗೆ ಹಾಗೆಯೇ ಅನ್ವಯಿಸಲಾಗದು. ಮೂರನೆಯದಾಗಿ, ಎಷ್ಟೇ ಸುಧಾರಿಸಿದರೂ ಬಿಂದುವಿನ ಸುತ್ತ ಒಂದು ವೃತ್ತ ಉಳಿದೇ ಉಳಿಯುತ್ತದೆ. ನಿಯಮವನ್ನು ರೂಪಿಸುವವರು ಆ ವೃತ್ತವನ್ನೂ ಓದಬೇಕು; ವೃತ್ತವು ಗೆರೆಯನ್ನು ಮುಟ್ಟಿದಲ್ಲಿ ಸಂಶಯದ ಲಾಭ ಹಣ ಕಟ್ಟಲು ಮುಂದೆ ಬಂದ ಪ್ರಯಾಣಿಕನಿಗೆ ಸಲ್ಲಬೇಕು. ಹಾಗೆ ಕೊಟ್ಟ ಟಿಕೆಟುಗಳಲ್ಲಿ ಕೆಲವು ಗಾಡಿಯೊಳಗಿನಿಂದ ತೆಗೆದವೇ ಆಗಿರಬಹುದು. ಅದರಿಂದ ರೈಲ್ವೆಗೆ ಆಗುವ ನಷ್ಟವನ್ನೂ, ಅನ್ಯಾಯವಾಗಿ ನಿರಾಕರಿಸಲ್ಪಟ್ಟವರಿಗೆ ಆಗುವ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನೋಡಬೇಕು.

ಕರ್ನಾಟಕದ ಹೊರಗಿನ ನಗರಗಳಲ್ಲಿ ಸಂಶೋಧನೆಯಲ್ಲಿ ತೊಡಗಿರುವ ವಾಚಕರು ತಮ್ಮ ತಮ್ಮ ಊರುಗಳಲ್ಲಿ ಇಂಥ ಬೇಲಿಗಳು ಎಲ್ಲೆಲ್ಲಿ ಬಿದ್ದಿವೆ, ಅವುಗಳ ಗೆರೆಗೂ ಅಳತೆಯ ದೋಷಕ್ಕೂ ಇರುವ ಪ್ರಮಾಣವೇನು ಎಂಬುದನ್ನು ಪರಿಶೀಲಿಸಿ ಬರೆದರೆ, ಮುಂಬಯಿಯ ಈ ಒಂದು ಪ್ರಕರಣವನ್ನು ಇತರ ನಗರಗಳ ಅನುಭವದೊಡನೆ ತಾಳೆನೋಡುವುದು ಸಾಧ್ಯವಾಗುತ್ತದೆ.